ಹಾಸ್ಯದ ಪಾತ್ರ ಮತ್ತು ಒಂದು ಚೀನೀ ಕ್ಯಾಸೆಟ್

ತೊಂಬತ್ತರ ದಶಕದ ಮಧ್ಯದಲ್ಲಿ ನಾವು ಮೂವರು ಕೊಲ್ಲಿ ನಾಡಿನ ಬಿನ್ ಒಮ್ರಾನ್ ಬಡಾವಣೆಯ ಒಂದು ಕೋಣೆಯಲ್ಲಿದ್ದೆವು. ಒಬ್ಬರು ಪುತ್ತೂರು ಕಡೆಯವರು, ಟೈರ್ ಅಂಗಡಿಯಲ್ಲಿ ಸೇಲ್ಸ್‌ಮನ್. ಊರಿನಲ್ಲಿದ್ದಾಗ ಯಕ್ಷಗಾನ ಮೇಳದಲ್ಲಿ ಪುಂಡುವೇಷ ಹಾಕುತ್ತಿದ್ದರು. ಎಳೆಯ ವೀರರ ಪಾತ್ರ, ಬಿಡುವಿಲ್ಲದ ಕುಣಿತ. ಇನ್ನೊಬ್ಬ ಜಮಖಂಡಿ ಕಡೆಯ ವೆಲ್ಡರ್, ಹರೆಯದಲ್ಲಿ ಕುಸ್ತಿ ಆಡಿದವನು.

ಒಂದು ವಾರ ಅಲ್ಲಿನ ಕನ್ನಡಿಗರ ಬಳಗದ ಯಕ್ಷಗಾನದಲ್ಲಿ ಸೇಲ್ಸ್‌ಮನ್‌ಗೆ ಹಾಸ್ಯದ ಪಾತ್ರ ಬಂದಿತ್ತು: ಕುಡುಕ ಕಾವಲುಗಾರ. ಪುಂಡುವೇಷ ಬೇರೊಬ್ಬನಿಗೆ ಹೋಗಿತ್ತು. ಒಪ್ಪಿದರೆ ತಮ್ಮ ಕಾಲ ಮುಗಿಯಿತೆಂದು ಎಲ್ಲರೆದುರು ಹೇಳಿದಂತೆ, ಒಪ್ಪದಿದ್ದರೆ ವೇಷವೇ ಇಲ್ಲ. ಅಂದು ಶುಕ್ರವಾರ, ರಜೆ; ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಬೆಳಿಗ್ಗೆಯಿಂದ ಅವರು ಫೋನ್ ಮುಟ್ಟಿರಲಿಲ್ಲ.

ಊಟವಾದ ಮೇಲೆ ವೆಲ್ಡರ್ ಹಳೆಯ ಹಾಂಗ್‌ಕಾಂಗ್ ಸಿನಿಮಾದ ಕ್ಯಾಸೆಟ್ ತಂದು ಹಾಕಿದ. ಮಾತು ಚೀನೀ, ಕೆಳಗೆ ಅರಬ್ಬಿ ಅಕ್ಷರ. ನಮಗೆ ಎರಡೂ ಬಾರದು. ಆದರೂ ಕಥೆ ತಿಳಿಯುತ್ತಿತ್ತು. ಮುದುಕ ಗುರು ಪೋಲಿ ಶಿಷ್ಯನಿಗೆ ಕುಡುಕನಂತೆ ತೂರಾಡುತ್ತ ಹೊಡೆದಾಡುವುದನ್ನು ಕಲಿಸುತ್ತಾನೆ.

"ಇದೇನ್ ಕುಸ್ತಿನೋ, ಡ್ಯಾನ್ಸೋ?" ವೆಲ್ಡರ್ ನಕ್ಕ.

ಇಂಥ ನಟರಲ್ಲಿ ಹಲವರು ಚಿಕ್ಕಂದಿನಲ್ಲೇ ಚೀನೀ ಸಂಗೀತ ನಾಟಕದ ಶಾಲೆಗಳಲ್ಲಿ ಲಾಗ, ಕುಣಿತ ಕಲಿತವರೆಂದು ಎಲ್ಲೋ ಓದಿದ್ದೆ. ಅದನ್ನು ಹೇಳಿದೆ.

ಮಲಗಿದ್ದ ಸೇಲ್ಸ್‌ಮನ್ ಎದ್ದು ಕುಳಿತರು. "ಹಾಗಾದ್ರೆ ಇವರು ಮೇಳದವರೇ ಮಾರಾಯ್ರೆ. ಪಾದ ನೋಡಿ, ತಾಳ ತಪ್ಪುದಿಲ್ಲ." ಆಮೇಲೆ ವೆಲ್ಡರ್‌ಗೆ, "ಸ್ವಲ್ಪ ಹಿಂದೆ ತಿರುಗಿಸು."

ಅದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿದರು. ಬಳಿಕ ಮಂಚ ಸರಿಸಿ, ಲುಂಗಿ ಎತ್ತಿಕಟ್ಟಿ ತೂರಾಡಿದರು. ನಮಗೆ ನಗು ಬರಲಿಲ್ಲ. ಪ್ರತಿ ಸಲ ಕೊನೆಗೆ ಎದೆ ಸೆಟೆಸಿ ವೀರನಂತೆ ನಿಂತುಬಿಡುತ್ತಿದ್ದರು.

"ಅಣ್ಣಾರ, ಕುಡದಾಂವ ಹಂಗ ನಿಲ್ತಾನೇನ್ರಿ? ರಾಜಾನ ಮಗಾ ಕುಡದಂಗ ಆತು," ಎಂದ ವೆಲ್ಡರ್. "ಸೊಂಟ ಸಡ್ಲ ಬಿಡ್ರಿ. ನಾ ಹಿಡೀತೀನಿ, ಬೀಳ್ರಿ."

"ನಿನ್ನನ್ನು ನಂಬಿ ಬೀಳುದಾ? ಟಿವಿ ಮೇಲೆ ಬಿದ್ರೆ ಖಲಾಸ್."

ಬಿದ್ದರು. ಕುಸ್ತಿಯವನ ಕೈ ಬೆನ್ನಿಗೆ ಸಿಕ್ಕಿತು. ಮುಂದಿನ ಸಲ ಅವನ ಕೈ ಬೇಡವೆಂದರು. ತಾವೇ ಮೊಣಕಾಲ ಮೇಲೆ ಜಾರಿ, ಉರುಳಿ, ಗೋಡೆಗೆ ತಾಗಿ ಕುಳಿತು, ತಳ್ಳಿದ್ದು ಅದೇ ಎಂಬಂತೆ ಗೋಡೆಯನ್ನು ಗದರಿಸಿದರು. ಪಕ್ಕದ ಕೋಣೆಯ ಮಲಯಾಳಿಗಳು ಬಾಗಿಲಿಗೆ ಬಂದು ನಕ್ಕರು.

ಸಂಜೆ ಫೋನ್ ಎತ್ತಿಕೊಂಡರು. "ಹಾಸ್ಯ ನಾನೇ ಮಾಡ್ತೇನೆ. ಆದ್ರೆ ಎದುರಿನ ಮೈಕ್ ಸ್ವಲ್ಪ ದೂರ ಇಡಿ, ನನಗೆ ಬೀಳ್ಲಿಕ್ಕೆ ಜಾಗ ಬೇಕು."

ಆಚೆಯವರು ಏನೋ ಕೇಳಿದರು.

"ಇಲ್ಲ, ಮೊಣಕಾಲು ಸರಿ ಉಂಟು," ಎಂದರು, ಅದನ್ನು ತಿಕ್ಕಿಕೊಳ್ಳುತ್ತ.