ಲಿಲ್ಲಿ ಟೀಚರ ಸಿಂಥಸೈಜರ್ ಮತ್ತು ಬಸ್ಸಿನ ಬಲ್ಬು

ಕಳೆದ ಬುಧವಾರ ಕಾರ್ಕಳದ ಚರ್ಚಿನಲ್ಲಿ ಒಂದು ಮದುವೆ. ಮದುಮಗಳು ಇಗರ್ಜಿಯ ಬಾಗಿಲು ದಾಟಿ ಅರ್ಧ ದೂರ ನಡೆದು ಬಂದಿದ್ದಳು. ಅಷ್ಟರಲ್ಲಿ ಸಂಗೀತ ಪಟಕ್ಕನೆ ನಿಂತಿತು.

ನಿಲ್ಲಿಸಿದವನು ನಾನು!

ಬೇಕೆಂದೇ ಮಾಡಿದೆನೇ? ಛೆ, ಛೆ. ಉಪಕಾರ ಮಾಡಲು ಹೋಗಿ ಆದದ್ದು. (ನಾನು ಮಾಡಿದ ಅನಾಹುತಗಳೆಲ್ಲ ಹೀಗೆಯೇ ಆದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಪಟ್ಟಿಯೂ ಅವಳ ಬಳಿ ಉಂಟು.)

ಮೊದಲಿನಿಂದ ಹೇಳುತ್ತೇನೆ. ಲಿಲ್ಲಿ ಟೀಚರ್ ಉಡುಪಿಯ ನಮ್ಮ ಶಾಲೆಯಲ್ಲಿ ನನ್ನ ಜತೆ ಇದ್ದವರು. ನಾನು ವಿಜ್ಞಾನ, ಅವರು ಇಂಗ್ಲಿಷು ಮತ್ತು ಹಾಡು. ನಿವೃತ್ತರಾದ ಮೇಲೆ ಕಾರ್ಕಳದ ತಮ್ಮನ ಮನೆಯಲ್ಲಿದ್ದಾರೆ. ಮೂವತ್ತು ವರ್ಷ ಇಗರ್ಜಿಯಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ನುಡಿಸಿದವರು. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿತು. ಆದರೆ ಎಡಗಾಲು ತುಳಿಯುವುದಿಲ್ಲ ಎಂದು ಹಟ ಹಿಡಿದು ಕೂತಿತು.

ಕೈಯಲ್ಲಿ ಗಾಳಿ ಹಾಕುವ ಪೆಟ್ಟಿಗೆ ನುಡಿಸಬಹುದಲ್ಲ ಎಂದು ನಾನು ಕೇಳಿದ್ದೆ. ಅವರಿಗೆ ಸಿಟ್ಟೇ ಬಂತು. "ಒಂದು ಕೈ ಗಾಳಿಗೆ ಕೊಟ್ಟರೆ ಹಾಡಿಗೆ ಎಂತ ಕೊಡುವುದು ಮಾಷ್ಟ್ರೇ? ನನ್ನದು ಎರಡು ಕೈಯ ಅಭ್ಯಾಸ." ಆಮೇಲೆ ತಗ್ಗಿದ ಸ್ವರದಲ್ಲಿ, "ನಾನು ಪೂಜೆಗೆ ಹೋದರೆ ಎಲ್ಲರೂ ನನ್ನ ಕಾಲು ನೋಡುತ್ತಾರೆ. ಮೊದಲು ಕೈ ನೋಡುತ್ತಿದ್ದರು" ಎಂದರು.

ಇನ್ನು ಇಸ್ಮಾಯಿಲ್ ಸಾಹೇಬರು. ಕಾಪು ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ. ಹತ್ತು ವರ್ಷ ಗಲ್ಫಿನಲ್ಲಿ ಹಡಗುಗಳ ವೈರ್‌ಲೆಸ್ ರಿಪೇರಿ ಮಾಡಿ ಬಂದವರು. ನನ್ನ ರೇಡಿಯೊವನ್ನೂ ಟೀಚರ ರೇಡಿಯೊವನ್ನೂ ಬಿಚ್ಚಿ ಬಿಚ್ಚಿ, ನಮ್ಮ ಮನೆಯ ವಿಷಯವೆಲ್ಲ ಅವರಿಗೆ ತಿಳಿದುಬಿಟ್ಟಿದೆ. ಟೀಚರ ಕಾಲಿನ ಸುದ್ದಿ ಕೇಳಿ ಅವರು ಹೇಳಿದ್ದು ಒಂದೇ ಮಾತು: "ಗಾಳಿಯೇ ಬೇಡದ ವಾದ್ಯ ಮಾಡಿದರೆ ಆಗುವುದಿಲ್ವಾ?"

ನಾನು ನಕ್ಕೆ. ಗಾಳಿ ಇಲ್ಲದೆ ಹಾರ್ಮೋನಿಯಮ್ಮೇ?

ಎರಡು ತಿಂಗಳ ಹಿಂದೆ ರೇಡಿಯೊ ಹಿಡಿದುಕೊಂಡು ಅವರ ಅಂಗಡಿಗೆ ಹೋದಾಗ ಬೆಂಚಿನ ಮೇಲೆ ಒಂದು ಬೂದು ಬಣ್ಣದ ತಗಡಿನ ಪೆಟ್ಟಿಗೆ. ಹಿಂದೆ ಫ್ಯಾನು. ಬಾಲದಂತೆ ಕೆಂಪು, ಹಳದಿ, ನೀಲಿ ವೈರುಗಳು.

"ಇದು ಎಂತ ಗೊತ್ತುಂಟಾ ಮಾಷ್ಟ್ರೇ? ಮಣಿಪಾಲದ ಕಂಪ್ಯೂಟರಿನದ್ದು. ಗುಜರಿಯಲ್ಲಿ ಸಿಕ್ಕಿತು."

ನನಗೆ ನಂಬಲು ಆಗಲಿಲ್ಲ. ಕೆಲವು ವರ್ಷಗಳ ಹಿಂದೆ ಮಣಿಪಾಲದ ಒಂದು ಆಫೀಸಿಗೆ ಕಂಪ್ಯೂಟರ್ ಬಂದಾಗ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಎ.ಸಿ. ಕೋಣೆ. ಚಪ್ಪಲಿ ಹೊರಗೆ ಬಿಡಬೇಕು, ಗಟ್ಟಿ ಮಾತಾಡಬಾರದು, ಮುಟ್ಟುವ ಮಾತೇ ಇಲ್ಲ. ಗಾಜಿನ ಈಚೆ ನಿಂತು ಕೈಮುಗಿಯುವುದೊಂದು ಬಾಕಿ. ಈಗ ಹೊಸತು ಬಂದಿದೆ. ಹಳೆಯ ದೇವರು ಒಡೆದ ಕೊಡಪಾನ, ಮುರಿದ ಸೈಕಲ್ಲಿನ ಜತೆ ಗುಜರಿ ಸೇರಿತ್ತು.

"ಬುದ್ಧಿ ಇರುವ ಭಾಗವನ್ನು ಬೇರೆ ಯಾರೋ ಕೊಂಡುಹೋದರು. ಇದು ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ. ನಮ್ಮ ಕರೆಂಟು ಏರಲಿ ಇಳಿಯಲಿ, ಇದು ಕೊಡುವ ವೋಲ್ಟು ಚೂರೂ ಅಲುಗಾಡುವುದಿಲ್ಲ. ಸ್ವರ ಅಲುಗದೆ ನಿಲ್ಲಬೇಕಾದರೆ ಅದೇ ಅಲ್ವಾ ಬೇಕಾದ್ದು?"

ಟೀಚರ ಮನೆಯ ಗೆದ್ದಲು ಹಿಡಿದ ಹಾರ್ಮೋನಿಯಮ್ಮಿನ ಕೀಗಳನ್ನು ತಂದು, ಕೆಳಗೆ ಹಿತ್ತಾಳೆಯ ತಗಡು ಕೂರಿಸಿದ್ದರು. ಹಳೇ ಪತ್ರಿಕೆಯೊಂದರ ಸರ್ಕ್ಯೂಟು ನೋಡಿ, ಮೂರು ಸಲ ಸುಟ್ಟು, ನಾಲ್ಕನೆಯ ಸಲ ಕಟ್ಟಿದ, ಕರೆಂಟಿನಿಂದಲೇ ಸ್ವರ ಹೊರಡಿಸುವ ಸಿಂಥಸೈಜರ್. ಸ್ವಿಚ್ಚು ಹಾಕಿದರು. ಫ್ಯಾನು ಗುಯ್ಯೆಂದಿತು. ಒಂದು ಕೀ ಒತ್ತಿದರು.

ಅಬ್ಬಾ! ಹೇಗೆ ಹೇಳಲಿ? ಕೊಳಲಲ್ಲ, ಪಿಟೀಲಲ್ಲ, ಹಾರ್ಮೋನಿಯಮ್ಮೂ ಅಲ್ಲ. ಗಾಳಿ ಇಲ್ಲ, ತಂತಿ ಇಲ್ಲ, ಚರ್ಮ ಇಲ್ಲ. ಮತ್ತೆ ಹಾಡಿದ್ದು ಯಾವುದು? ನನ್ನ ಮೈ ಜುಮ್ಮೆಂದಿತು. ಇಪ್ಪತ್ತೈದು ವರ್ಷ ಕಪ್ಪು ಹಲಗೆಯ ಮೇಲೆ ವಿದ್ಯುತ್ತಿನ ಪಾಠ ಬರೆದು ಅಳಿಸಿದ್ದೇನೆ. ಅದಕ್ಕೆ ಇಂಥ ಗಂಟಲು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಪೆಟ್ಟಿಗೆಯ ಪಕ್ಕದಲ್ಲಿ ತೂತು ಕೊರೆದ ಬಿಸ್ಕೆಟ್ ಡಬ್ಬಿ. ಅದರೊಳಗೆ ಬಸ್ಸಿನ ಹೆಡ್‌ಲೈಟಿನ ಬಲ್ಬು ಮಂದವಾಗಿ ಉರಿಯುತ್ತಿತ್ತು. "ಆ ಬಲ್ಬು ಎಂತಕ್ಕೆ ಅಂದರೆ ಮಾಷ್ಟ್ರೇ..." ಎಂದು ಸಾಹೇಬರು ಶುರು ಮಾಡಿದರು.

"ಇಂಡಿಕೇಟರ್ ಅಲ್ವಾ? ಗೊತ್ತುಂಟು, ಗೊತ್ತುಂಟು" ಎಂದೆ. ವಿಜ್ಞಾನದ ಮಾಷ್ಟ್ರು ನೋಡಿ!

ಸರಿ, ಬುಧವಾರ ಬಂತು. ಮದುವೆ ಟೀಚರ ತಮ್ಮನ ಮಗಳದ್ದು. ವಾದ್ಯವನ್ನು ಗೋಣಿಯಲ್ಲಿ ಸುತ್ತಿ, ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಬಸ್ಸಿನಲ್ಲೇ ತಂದೆವು. ಸಾಹೇಬರು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಟೀಚರು ಊರುಗೋಲು ಒರಗಿಸಿಟ್ಟು ಕೀಗಳ ಮುಂದೆ ಕೂತರು. "ಇದು ನಡುವೆ ನಿಂತರೆ ನಾನು ಇನ್ನು ಜನ್ಮದಲ್ಲಿ ನುಡಿಸುವುದಿಲ್ಲ ಮಾಷ್ಟ್ರೇ. ಇನ್ನೊಂದು ಸಲ ಬೀಳಲಿಕ್ಕೆ, ಅದೂ ಅಷ್ಟು ಜನರ ಎದುರು, ನನ್ನಿಂದ ಆಗುವುದಿಲ್ಲ." ಇಗರ್ಜಿಯಲ್ಲಿ ಹಾಡಿನ ವ್ಯವಸ್ಥೆ ನೋಡುವ ಗುರಿಕಾರರು ಬೇರೆ ಮೊದಲೇ ಹೇಳಿದ್ದರಂತೆ: ಇವತ್ತು ಸರಿಹೋದರೆ ಮುಂದಿನ ತಿಂಗಳ ಹಬ್ಬಕ್ಕೂ ನೀವೇ. ಇಲ್ಲದಿದ್ದರೆ ಮಂಗಳೂರಿನಿಂದ ಯಾರನ್ನಾದರೂ ಕರೆಸುತ್ತೇವೆ.

ನನ್ನನ್ನು ಹಾಳೆ ತಿರುಗಿಸಲು ಪಕ್ಕದಲ್ಲಿ ಕೂರಿಸಿದರು. (ನನಗೆ ಸ್ವರಲಿಪಿ ಬರುವುದಿಲ್ಲ. ಟೀಚರು ತಲೆ ಅಲ್ಲಾಡಿಸಿದಾಗ ತಿರುಗಿಸುವುದು.) ಹಿಂದೆ ಸಾಹೇಬರು. ಬಿಳಿ ಟೊಪ್ಪಿ, ತೊಡೆಯ ಮೇಲೆ ಟೆಸ್ಟರು, ಸ್ಕ್ರೂ ಡ್ರೈವರು.

ಟೀಚರು ಕೀ ಒತ್ತಿದರು. ಇಗರ್ಜಿಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಮದುಮಗಳು ಒಳಗೆ ಬಂದಳು. ಹುಡುಗಿಯರು ಕೊಂಕಣಿಯಲ್ಲಿ ಹಾಡು ಎತ್ತಿಕೊಂಡರು. ಟೀಚರ ಮುಖ ನೋಡಬೇಕಿತ್ತು ನೀವು.

ಆಗ ನನ್ನ ಕಣ್ಣಿಗೆ ಬಿತ್ತು, ಆ ಬಲ್ಬು. ಹಾಡಹಗಲು, ಕಿಟಕಿಗಳಿಂದ ಧಾರಾಳ ಬೆಳಕು, ಇದೊಂದು ಸುಮ್ಮನೆ ಉರಿಯುತ್ತಿದೆ! ನನ್ನ ಸ್ವಭಾವ ನಿಮಗೆ ಗೊತ್ತುಂಟಲ್ಲ? ಉಡುಪಿಯ ನಮ್ಮ ಕಡಿಯಾಳಿಯಲ್ಲಿ ಹಗಲು ಬೀದಿ ದೀಪ ಉರಿದರೆ ಪುರಸಭೆಗೆ ಪತ್ರ ಬರೆಯುವ ಮನುಷ್ಯ. ಇರುವ ಕರೆಂಟೆಲ್ಲ ಹಾಡಿಗೇ ಸಿಗಲಿ ಎಂದುಕೊಂಡು, ಮೆಲ್ಲನೆ ಬಗ್ಗಿ, ಬಲ್ಬಿನ ಕ್ಲಿಪ್ಪು ಎಳೆದೆ.

ಹಾಡು ಸತ್ತಿತು. ಫ್ಯಾನೂ ನಿಂತಿತು. ಹುಡುಗಿಯರು ತಡವರಿಸಿದರು. ಮದುಮಗಳ ಹೆಜ್ಜೆ ನಿಂತಿತು. ಟೀಚರ ಬೆರಳುಗಳು ಮಾತ್ರ ಮೂಕ ಕೀಗಳ ಮೇಲೆ ಓಡುತ್ತಲೇ ಇದ್ದವು. ಅದನ್ನು ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡೆ.

ಆಗ ಅವರು ಹಾಡಲು ಶುರು ಮಾಡಿದರು. ಅರುವತ್ತೆರಡು ವರ್ಷದ ಗಂಟಲು. ಮೊದಲ ಅಕ್ಷರ ನಡುಗಿತು, ಎರಡನೆಯದು ಗಟ್ಟಿಯಾಗಿ ನಿಂತಿತು. ಹುಡುಗಿಯರು ಹಿಂದಿನಿಂದ ಸೇರಿಕೊಂಡರು. ಮದುಮಗಳು ಮತ್ತೆ ನಡೆದಳು.

ಸಾಹೇಬರು ನನ್ನ ಮುಖ ನೋಡಲಿಲ್ಲ. ಕ್ಲಿಪ್ಪು ಸಿಕ್ಕಿಸಿದರು, ಸ್ವಿಚ್ಚು ಆರಿಸಿ ಹಾಕಿದರು. ಫ್ಯಾನು ತಿರುಗಿತು. ಆದರೆ ಟೀಚರು ಹಾಡುತ್ತಿದ್ದುದು ತಮ್ಮ ಗಂಟಲಿಗೆ ಒಗ್ಗಿದ ಶ್ರುತಿಯಲ್ಲಿ, ವಾದ್ಯದ ಶ್ರುತಿ ಇನ್ನೂ ಮೇಲೆ. ಈಗೆಂತ ಮಾಡುವುದು? ಸಾಹೇಬರು ಪೆಟ್ಟಿಗೆಗೆ ಕಿವಿ ಒತ್ತಿ, ಶ್ರುತಿ ಏರಿಸಿ ಇಳಿಸುವ ಗುಬುಟನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಬಂದರು. ಟೀಚರ ಬೆರಳಿನ ಸ್ವರ ಇಳಿಯುತ್ತಾ ಇಳಿಯುತ್ತಾ ಅವರ ಗಂಟಲನ್ನು ಮುಟ್ಟಿತು. ಎರಡೂ ಸೇರಿದವು. ಯಾವುದು ಗಂಟಲು, ಯಾವುದು ಗುಜರಿ? ನನಗೆ ತಿಳಿಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹೇಳಲು ನಾಚಿಕೆ ಎಂತಕ್ಕೆ?

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸಾಹೇಬರನ್ನು ಹಿಡಿದುಕೊಂಡೆ. "ಕಂಪ್ಯೂಟರ್ ಬಹಳ ಕರೆಂಟು ಎಳೆಯುತ್ತಿತ್ತು ಮಾಷ್ಟ್ರೇ. ನಮ್ಮ ವಾದ್ಯ ಎಳೆಯುವುದು ಚೂರು. ಎಳೆಯುವವರು ಇಲ್ಲದಿದ್ದರೆ ಪೆಟ್ಟಿಗೆ ತನ್ನಷ್ಟಕ್ಕೆ ಬಂದ್ ಆಗುತ್ತದೆ. ಅದಕ್ಕೆ ಬಲ್ಬಿನ ಹೊರೆ ಕೊಟ್ಟದ್ದು."

"ಮೊದಲೇ ಹೇಳಬಾರದಿತ್ತಾ ಮಾರಾಯ್ರೆ?"

"ಹೇಳಲಿಕ್ಕೆ ಹೊರಟಿದ್ದೆ. ನಿಮಗೆ ಗೊತ್ತುಂಟು ಅಂದಿರಿ."

ಅಷ್ಟರಲ್ಲಿ ಗುರಿಕಾರರು ಟೀಚರ ಬಳಿ ಬಂದರು. "ಬೇಜಾರು ಮಾಡಬೇಡಿ ಟೀಚರೇ. ಮೆಷಿನ್ ಅಲ್ವಾ, ನಂಬಲಿಕ್ಕೆ ಆಗುವುದಿಲ್ಲ. ಹಬ್ಬಕ್ಕೆ ಮಂಗಳೂರಿನವರನ್ನೇ ಕರೆಸುವ." ಟೀಚರು ತಲೆ ತಗ್ಗಿಸಿ ಊರುಗೋಲು ಹುಡುಕಿದರು. "ಕರೆಂಟು ಡಲ್ ಆದದ್ದು" ಎಂದು ಸಾಹೇಬರು ನನ್ನ ಮಾನ ಕಾಪಾಡಲು ಹೊರಟರು.

ಇನ್ನೂರು ಜನ. ಅದರಲ್ಲಿ ಮೂವತ್ತು ಮಂದಿಯಾದರೂ ನನ್ನ ಹಳೆಯ ವಿದ್ಯಾರ್ಥಿಗಳು. ಆದರೂ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ: "ಮೆಷಿನ್ನಿಗೆ ಎಂತದೂ ಆಗಿಲ್ಲ. ನಿಲ್ಲಿಸಿದ್ದು ನಾನು. ಹಗಲು ಬಲ್ಬು ಯಾಕೆ ಅಂತ ಕ್ಲಿಪ್ಪು ಎಳೆದೆ."

ಹಿಂದಿನಿಂದ ಯಾರೋ "ನಮ್ಮ ವಿಜ್ಞಾನದ ಮಾಷ್ಟ್ರಾ?" ಎಂದದ್ದೇ ತಡ, ಅಂಗಳವೆಲ್ಲ ನಕ್ಕಿತು. ಗುರಿಕಾರರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಲಿಲ್ಲಿ ಟೀಚರು. ಬಿದ್ದ ಮೇಲೆ ಅವರು ಹಾಗೆ ನಕ್ಕದ್ದನ್ನು ನೋಡಿದ್ದು ಅದೇ ಮೊದಲು ಎಂದು ಅವರ ತಮ್ಮ ಹೇಳಿದರು.

ಹಬ್ಬಕ್ಕೆ ಟೀಚರೇ ನುಡಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಒಂದೇ ಷರತ್ತು. ನಾನು ಕೊನೆಯ ಬೆಂಚಿನಲ್ಲಿ ಕೈ ಕಟ್ಟಿ, ಬಾಯಿಯ ಮೇಲೆ ಬೆರಳಿಟ್ಟು ಕೂರಬೇಕಂತೆ. ಷರತ್ತು ಹಾಕಿದ್ದು ಟೀಚರು.

ಆ ಸ್ವರವನ್ನು ಇನ್ನೊಂದು ಸಲ ಕೇಳುವುದಕ್ಕೆ ಅಷ್ಟೂ ಮಾಡದಿದ್ದರೆ ನಾನೆಂಥ ಮಾಷ್ಟ್ರು?