ಕಾಗದದ ಮರಕ್ಕೆ ಕರ್ಪೂರದಾರತಿ

ಪಕ್ಕದ ಮನೆಯ ಗೌರಮ್ಮ ಕರ್ಪೂರ ಹಚ್ಚಿದ ತಟ್ಟೆಯನ್ನು ನಮ್ಮ ಕ್ರಿಸ್‌ಮಸ್ ಮರದ ಮುಂದೆ ಎತ್ತಿದರು. ಮರದ ಬುಡದಲ್ಲೇ ನನ್ನ ಎರಡು ವರ್ಷದ ಮಗಳು ಕೂತು ಆಡುತ್ತಿದ್ದಳು. "ನಿಮ್ಮ ದೇವ್ರಿಗೂ ಒಂದು ಆರತಿ ಬೆಳಗ್ತೀನವ್ವಾ" ಎಂದು ಅವರು ಅಂದಾಗ ನನಗೆ ಖುಷಿಯೇ ಆಗಿತ್ತು.

ಅರವತ್ತರ ದಶಕದ ದಾವಣಗೆರೆ ಅದು. ಪ್ರತಿ ವರ್ಷ ಅಪ್ಪ ಹರಿಹರದಿಂದ ಹಸಿ ಗಾಳಿಮರದ ಟೊಂಗೆ ತರುತ್ತಿದ್ದರು. "ಮನೆ ತುಂಬ ಕಸ ಉದುರ್ತೈತೆ, ಈ ಸಲ ಬ್ಯಾಡಪ್ಪ" ಎಂದು ಹಟ ಹಿಡಿದು, ಮಂಡಿಪೇಟೆಯಿಂದ ತಂತಿ, ಹಸಿರು ಕಾಗದ ತರಿಸಿ ನಾನೇ ಮರ ಕಟ್ಟಿದ್ದೆ. ಹಿಮದಂತೆ ಕಾಣಲೆಂದು ಮೇಲೆಲ್ಲ ಅರಳೆ ಹೊದಿಸಿದ್ದೆ.

ತಟ್ಟೆ ಎರಡನೇ ಸುತ್ತು ಬರುವಷ್ಟರಲ್ಲಿ ಉರಿ ಅರಳೆಗೆ ತಗುಲಿ ಮರ ಭಗ್ಗನೆ ಹೊತ್ತಿಕೊಂಡಿತು. ನಾನು ಮುಂದೆ ಬರುವ ಮೊದಲೇ ಗೌರಮ್ಮನೇ ತಟ್ಟೆ ಎಸೆದು, ಉರಿಯೊಳಗೆ ಕೈ ಹಾಕಿ ಮಗುವನ್ನು ಎಳೆದುಕೊಂಡರು. ಮಗಳಿಗೆ ಏನೂ ಆಗಲಿಲ್ಲ. ಅವರ ಬಲಗೈ ಬೆಂದಿತ್ತು.

ಮರುವರ್ಷ ಅಪ್ಪನ ಹಸಿ ಟೊಂಗೆಯೇ ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಂತಿತು. ಗೌರಮ್ಮ ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲಾಚೆಯೇ ನಿಂತಿದ್ದರು. ಒಳಗೆ ಕರೆತಂದು ಆರತಿ ತಟ್ಟೆಯನ್ನು ನಾನೇ ಅವರ ಕೈಗಿತ್ತೆ. ಆದರೆ ಕರ್ಪೂರ ಆರುವವರೆಗೂ ಮಗಳನ್ನು ಕಂಕುಳಿಂದ ಇಳಿಸಲಿಲ್ಲ.