ಅಲ್ಲಾಡಿದ ಪ್ರೋಟಾನ್

ದೇರಪ್ಪ ಮೇಷ್ಟ್ರ ಹುಚ್ಚನ್ನು ಸಹಿಸಿಕೊಂಡವನು ಕೊಡಗಿನ ಈ ಮೂರ್ನಾಡಿನಲ್ಲಿ ನಾನೊಬ್ಬನೇ. ನಾನು ಜವರ, ಹೈಸ್ಕೂಲಿನ ಜವಾನ, ಮೈಸೂರು ಕಡೆಯವನು. ಗಂಟೆ ಹೊಡೆಯುವುದು ನನ್ನ ಕೆಲಸ. ಹೊಡೆದರೂ ಪಾಠ ನಿಲ್ಲಿಸದಿರುವುದು ಅವರ ಚಾಳಿ. ಊಟಕ್ಕೆ ಕೂತರೂ ಸೂರ್ಯನಿಂದ ಬೀಸುವ ಗಾಳಿಯದೇ ಮಾತು. ಅಮೆರಿಕದವರು ಶುಕ್ರನ ಕಡೆ ಬಿಟ್ಟ ಯಂತ್ರಕ್ಕೆ ಅದು ಸಿಕ್ಕಿತಂತೆ.

"ಅದರ ತುಂಬ ಪ್ರೋಟಾನು, ಎಲೆಕ್ಟ್ರಾನು ಜವರ. ಒಂದು ಗಳಿಗೆಯೂ ನಿಲ್ಲದೆ ಬೀಸ್ತದೆ!"

"ಬೀಸಲಿ ಬಿಡಿ ಸ್ವಾಮಿ, ಸಾರು ಆರ್ತದೆ," ಅನ್ನುತ್ತಿದ್ದೆ.

ಪಾಪ, ಅವರದು ಟೆಂಪರರಿ ಕೆಲಸ. ಆರು ವರ್ಷದಿಂದ ಏಪ್ರಿಲ್‌ನಲ್ಲಿ ಮನೆಗೆ ಕಳಿಸುವುದು, ಜೂನ್‌ನಲ್ಲಿ ಮನಸ್ಸಾದರೆ ಕರೆಸುವುದು. ಅದಕ್ಕೇ ಬಾಡಿಗೆ ಕೋಣೆಯಲ್ಲಿ ಟ್ರಂಕಿನಿಂದ ಒಂದು ಅಂಗಿ ತೆಗೆದು ಮತ್ತೆ ಹಗ್ಗ ಬಿಗಿದಿಡುತ್ತಿದ್ದರು.

ಅರವತ್ತನಾಲ್ಕರ ಮಾರ್ಚಿನಲ್ಲಿ ಸೋಮವಾರಪೇಟೆ ಕಡೆಯ ಸ್ಕೂಲ್ ಇನ್ಸ್‌ಪೆಕ್ಟರ್ ಕುಶಾಲಪ್ಪನವರು ಬಂದರು. ಅವರು ನಕ್ಕಿದ್ದನ್ನು ಕಂಡವರಿಲ್ಲ. ಅವರು ಒಳ್ಳೇ ರಿಪೋರ್ಟು ಬರೆದರೆ ಮೇಷ್ಟ್ರು ಖಾಯಂ, ಇಲ್ಲದಿದ್ದರೆ ಟ್ರಂಕು ಬಸ್ಸಿಗೆ. "ಸ್ವಾಮಿ, ಕೈ ಮುಗೀತೀನಿ, ಇವತ್ತೊಂದಿನ ಪುಸ್ತಕದಲ್ಲಿರೋ ಪಾಠ ಮಾಡಿ," ಅಂದೆ. ಕೇಳುವ ಜನವೇ ಅದು?

ಹತ್ತನೇ ಕ್ಲಾಸಿನವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. "ನೀವೆಲ್ಲ ಎಲೆಕ್ಟ್ರಾನುಗಳು, ಹಗುರ. ಕುರ್ಚಿಯಲ್ಲಿರೋ ಸಾಹೇಬರು ಪ್ರೋಟಾನ್, ಭಾರ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಸೂರ್ಯ ಒಮ್ಮೊಮ್ಮೆ ಜೋರಾಗಿ ಓಡೋ ಎಲೆಕ್ಟ್ರಾನುಗಳ ಗುಂಪು ಕಳಿಸ್ತಾನೆ. ಅದು ಹಾದುಹೋಗುವಾಗ ನೀವು ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಾಡ್ತೀರಿ. ಅದೇ ಅಲೆ."

ಸಾಹೇಬರು ಮುಖ ಗಂಟಿಕ್ಕಿ ಪೆನ್ನಿನ ಮುಚ್ಚಳ ತೆಗೆದರು. "ಇದು ಸಿಲಬಸ್ಸಿನಲ್ಲಿ ಇದೆಯೇನ್ರೀ?"

ಅಷ್ಟರಲ್ಲಿ ರಸ್ತೆಯಲ್ಲಿ ಮದುವೆ ದಿಬ್ಬಣ ಬಂತು, ಡೋಲು ಕೊಂಬುಗಳ ವಾಲಗದ ಸಮೇತ. ಈ ಕೊಡಗಿನವರೋ, ವಾಲಗ ಕೇಳಿದರೆ ಸುಮ್ಮನಿರುವ ಪೈಕಿಯೇ ಅಲ್ಲ. ಮುಂದಿದ್ದ ಯಮುನಳ ಭುಜ ಕುಣಿಯಿತು, ಪಕ್ಕದವಳದು ಕುಣಿಯಿತು, ನೋಡುನೋಡುತ್ತ ಸಾಲಿಗೆ ಸಾಲೇ ತೂಗಾಡತೊಡಗಿತು. ಒಬ್ಬರೂ ಜಾಗ ಬಿಡಲಿಲ್ಲ.

"ಅಲೆ! ಸಾರ್, ನೋಡಿ, ಅಲೆ!" ಮೇಷ್ಟ್ರು ಕಿರುಚಿದರು.

ತಿರುಗಿದರೆ, ಅಯ್ಯೋ ಶಿವನೇ, ಸಾಹೇಬರು ಕುರ್ಚಿ ಬಿಟ್ಟು ಎದ್ದು, ಪೆನ್ನು ಹಿಡಿದ ಕೈ ಮೇಲೆತ್ತಿ ಕುಣಿಯುತ್ತಿದ್ದಾರೆ!

ದಿಬ್ಬಣ ದಾಟಿತು. ಸಾಹೇಬರು ಕೋಟು ಸರಿಮಾಡಿಕೊಂಡು ಕೂತರು.

"ಪ್ರೋಟಾನ್ ಅಲ್ಲಾಡಲ್ಲ ಅಂದ್ರಲ್ಲ ದೇರಪ್ಪ?"

"ಒಂಚೂರು... ಅಲ್ಲಾಡ್ತದೆ ಸಾರ್."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಣ್ಣೊರೆಸಿಕೊಂಡು ಏನೋ ಬರೆದರು. ಏನೆಂದು ತೋರಿಸಲಿಲ್ಲ ಮಹಾರಾಯರು.

ಏಪ್ರಿಲ್‌ನಲ್ಲಿ ಮೇಷ್ಟ್ರು ಊರಿಗೆ ಹೊರಡುವ ಹಿಂದಿನ ದಿನ ಖಾಯಂ ಆರ್ಡರು ಬಂತು. ಏದುಸಿರು ಬಿಡುತ್ತ ಕೋಣೆಗೆ ಒಯ್ದುಕೊಟ್ಟೆ. ಎರಡು ಸಲ ಓದಿದರು. ಟ್ರಂಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗಂಟು ಬಿಚ್ಚಿದರು, ಹಗ್ಗ ಸುತ್ತಿ ನನ್ನ ಕೈಗಿಟ್ಟರು.

"ಶಾಲೆ ಬಾವಿ ಹಗ್ಗ ಸವೆದಿದೆ ಅಂತಿದ್ದೆಯಲ್ಲ ಜವರ, ತಗೋ."

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಗೋಡೆಯಲ್ಲಿ ಇದ್ದದ್ದು ಒಂದೇ ಮೊಳೆ, ಅಂಗಿಗಳು ಆರು. ಓಡಿಹೋಗಿ ಸುತ್ತಿಗೆ, ಇನ್ನೈದು ಮೊಳೆ ತಂದೆ.